ಲಕ್ಷ್ಮಪ್ಪ ಸೀನಿದ ತಾಳ

ರಾಣೆಬೆನ್ನೂರಿನ ಆ ಮದುವೆಗೆ ಹೆಣ್ಣಿನ ಕಡೆಯವರು ಬ್ಯಾಡಗಿಯ ಬ್ಯಾಂಡ್‌ಸೆಟ್ ಹೇಳಿದ್ದರು, ಗಂಡಿನ ಕಡೆಯವರು ಹಾವೇರಿಯಿಂದ ಡಿ.ಜೆ. ಲಾರಿ ತರಿಸಿದ್ದರು. 2006ರಲ್ಲಿ ಇಂಥ ಜಗಳದಲ್ಲಿ ಯಾರು ಗೆಲ್ಲುತ್ತಾರೆಂದು ಎಲ್ಲರಿಗೂ ಗೊತ್ತು. ಮೆರವಣಿಗೆ ಹೊರಡುವ ಹೊತ್ತಿಗೆ ಗಂಡಿನ ಕಾಕಾ ಸಿದ್ದಲಿಂಗಪ್ಪ ಬಂದ.

"ಗೌಸಸಾಬ್ರ, ನೀವು ಊಟ ಮುಗಿಸ್ಕೊಂಡು ನಡೀರಿ. ಹುಡುಗ್ರು ಡಿ.ಜೆ. ಸಾಕಂತಾರ."

ಬ್ಯಾಂಡಿನ ಮಹಮ್ಮದಗೌಸ ಡ್ರಮ್ಮಿನ ಪಟ್ಟಿ ಬಿಚ್ಚತೊಡಗಿದ. ಅರವತ್ತು ದಾಟಿದವನಿಗೆ ಇದು ಹೊಸದೇನಲ್ಲ. ಅಷ್ಟರಲ್ಲಿ ಲಾರಿಯಿಂದ ಹೊಸ ರಿಮಿಕ್ಸ್ ಹಾಡು ಶುರುವಾಯಿತು. ಮೊದಲ ಪೆಟ್ಟು ಭಾರ, ನಡುವಿನವು ಹಗುರ, ಕೊನೆಯದು ಕೂದಲೆಳೆಯಷ್ಟು ತಡ. ಗೌಸನ ಕೈ ನಿಂತಿತು.

"ಲಕ್ಷ್ಮ್ಯಾ, ಇದು ನಾವಲ್ಲೇನಲೇ?"

ದೊಡ್ಡ ಡ್ರಮ್ಮಿನ ಲಕ್ಷ್ಮಪ್ಪ ಬೀಡಿ ಬಿಸಾಡಿದ. "ನಾವ ಅದೀವಿ, ಗೌಸಣ್ಣ!"

ತನ್ನ ಕೈಯ ತಾಳವನ್ನೇ ಬಾರಿಸಿ ತನ್ನನ್ನು ಮನೆಗೆ ಕಳಿಸುವುದೆಂದರೆ? ಗೌಸ ಅದನ್ನು ನುಂಗಲಾರ. ನೇರ ಲಾರಿಗೆ ಹೋದ. ಡಿ.ಜೆ. ವಿಜಯಮಹಾಂತೇಶ ನಕ್ಕ.

"ಚಾಚಾ, ಇದು ಅಮೆರಿಕಾದ ಫಂಕ್ ಮ್ಯೂಸಿಕ್ಕು. ಬ್ಯಾಡಗ್ಯಾಗ ಬೆಳಿಯಂಗಿಲ್ಲ."

"ಅರ್ಧ ಖರೇ ಹೇಳಿದಿ," ಎಂದು ಗೌಸ ಹಳೆಯ ಕಥೆ ತೆಗೆದ.

ಎಂಬತ್ತೊಂದರಲ್ಲಿ ಮೆಣಸಿನಕಾಯಿ ವ್ಯಾಪಾರಿಯೊಬ್ಬರ ಮನೆಗೆ ಪರದೇಶದಿಂದ ಒಂದು ಗ್ರಾಮಫೋನ್ ಪ್ಲೇಟು ಬಂದಿತ್ತು. ಅಮೆರಿಕಾದ ಕರಿಯರ ಸೋಲ್-ಫಂಕ್ ಬ್ಯಾಂಡಿನದು. ಮುಳ್ಳು ಸವೆಯುವವರೆಗೆ ಕೇಳಿ ಮೊದಲ ಪೆಟ್ಟಿನ ಭಾರವನ್ನು ಇವರು ಅಲ್ಲಿಂದ ಕಲಿತರು. ಆಮೇಲೆ ಅದೇ ವ್ಯಾಪಾರಿಯ ಗೋದಾಮಿನಲ್ಲಿ ತಮ್ಮದೊಂದು ಕ್ಯಾಸೆಟ್ಟು ಮಾಡಿದರು. ಸುತ್ತ ಚೀಲ ಒಟ್ಟಿದರೆ ದನಿ ಮಾರ್ದನಿಸುವುದಿಲ್ಲ ಎಂಬ ಜಾಣತನ. ಮೆಣಸಿನಕಾಯಿ ಘಾಟಿನ ನೆನಪು ಯಾರಿಗೂ ಬರಲಿಲ್ಲ. ನಡುವೆ ಲಕ್ಷ್ಮಪ್ಪ ಸೀನಿದ, ಅವನ ಪೆಟ್ಟು ತಡವಾಯಿತು, ಅವನಿಗಾಗಿ ಗೌಸನೂ ಕೈ ತಡೆದ. ಇನ್ನೊಂದು ಟೇಪು ಇರಲಿಲ್ಲ. ಹಾಗೇ ಬಿಟ್ಟರು. ಕ್ಯಾಸೆಟ್ಟು ಎಲ್ಲೆಲ್ಲಿಗೋ ಹೋಯಿತು. ಮದುವೆಗಳಲ್ಲಿ ಜನ "ಆ ಎಡವಿದ ತಾಳ ಬಾರಿಸ್ರಿ" ಎಂದು ಕೇಳತೊಡಗಿದರು.

"ಹಾಡು ಮೊದಲಿಂದ ಹಚ್ಚು," ಎಂದ ಗೌಸ. "ಹಾಡೋ ಹುಡುಗಿ ಬಾಯಿ ತೆರಿಯೂದಕ್ಕಿಂತ ಮೊದಲು ಬರೇ ತಾಳ ಐತಲ್ಲ, ಅದು. ದನಿ ಏರಿಸು."

ಡಮ್. ಟಕ ಟಕ. ಹಾಕ್ಷೀ! ಡಮ್.

ಮುಂಬಯಿಯವರು ಯಾರೋ ಹಳೆಯ ಕ್ಯಾಸೆಟ್ಟಿನ ಆ ತುಂಡನ್ನು ಕತ್ತರಿಸಿ ಮತ್ತೆ ಮತ್ತೆ ಬರುವಂತೆ ಸುತ್ತಿಸಿದ್ದರು. ಲಾರಿ ಮತ್ತೆ ಸೀನಿತು, ಮತ್ತೆ ಸೀನಿತು. ಬೀದಿಯೆಲ್ಲ ಹೊಟ್ಟೆ ಹಿಡಿದು ನಕ್ಕಿತು.

"ಅಯ್ಯ, ನಾ ಅದನ್ನ ಯಾವುದೋ ವಾದ್ಯ ಅನ್ಕೊಂಡಿದ್ನಿ!" ಎಂದ ವಿಜಯಮಹಾಂತೇಶ.

"ನನ್ನ ಮೂಗದು," ಎಂದ ಲಕ್ಷ್ಮಪ್ಪ.

ಸಿದ್ದಲಿಂಗಪ್ಪ ಮಾತ್ರ ಒಪ್ಪಲಿಲ್ಲ. "ಸೀನು ಯಾರದರ ಇದ್ದೀತು. ಬಾರಿಸಿ ತೋರಿಸ್ರಿ ನೋಡೋಣು."

ಗೌಸ ಪಟ್ಟಿ ಮತ್ತೆ ಬಿಗಿದ. ಮೊಣಕೈ ನೋಯುತ್ತಿತ್ತು. ಮೊದಲ ಸುತ್ತು ಗಟ್ಟಿ ಬರಲಿಲ್ಲ. ಯಾರೋ ಸಿಳ್ಳೆ ಹಾಕಿದರು. ಎರಡನೇ ಸುತ್ತಿಗೆ ಲಕ್ಷ್ಮಪ್ಪ ಸೇರಿದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆಯೇ ಒಟ್ಟಿಗೆ ತಡೆದರು, ಒಟ್ಟಿಗೆ ಬಿಟ್ಟರು. ಡಿ.ಜೆ.ಗೆ ಕುಣಿಯಲು ಬಂದಿದ್ದ ಹುಡುಗರ ಕಾಲುಗಳು ಆ ಕೂದಲೆಳೆಯ ತಡದಲ್ಲಿ ಗಾಳಿಯಲ್ಲೇ ನಿಂತು ಆಮೇಲೆ ನೆಲಕ್ಕೆ ಬಿದ್ದವು. ಧೂಳೆದ್ದಿತು.

ವಿಜಯಮಹಾಂತೇಶ ಹಾಡು ಬಂದ್ ಮಾಡಿ ಮೈಕು ಹಿಡಿದು ಕೆಳಗಿಳಿದ. "ಕೇಳ್ರಪಾ, ಈ ತಾಳ ಬ್ಯಾಡಗಿ ಮಹಮ್ಮದಗೌಸ ಚಾಚಾರದು, ಲಕ್ಷ್ಮಪ್ಪ ಕಾಕಾರದು!"

ಹೆಣ್ಣಿನ ಕಡೆಯವರು ಕೇಕೆ ಹಾಕಿದರು. ಮೈಕನ್ನು ಡ್ರಮ್ಮಿಗೆ ಹಿಡಿದು ವಿಜಯಮಹಾಂತೇಶ ಹಿಂದೆ ಹಿಂದೆ ನಡೆದ. ಗೌಸ ಮುಂದೆ ನಡೆದ. ಲಾರಿ ಅವರ ಬೆನ್ನಿಗೆ ಮೆಲ್ಲಗೆ ಬಂತು.

"ಲಗೂ ನಡೀರಿ, ಮುಹೂರ್ತ ಮೀರ್ತೈತಿ!" ಎಂದು ಸಿದ್ದಲಿಂಗಪ್ಪ ಕೂಗಿದ.

"ಅವಸರ ಇದ್ರ ನೀವು ಊಟಕ್ಕ ನಡೀರಿ," ಎಂದ ಗೌಸ.