ಬರಿಗಾಲಿನ ಅಳತೆ

ಆ ಬೆಳಗ್ಗೆ ಮಂಜು ಬಿದ್ದಿತ್ತು, ಆದರೆ ಚಳಿ ಇರಲಿಲ್ಲ. ಎದುರು ಮನೆಯ ಗೇಟು ಕಾಣುತ್ತಿರಲಿಲ್ಲ. ಅದನ್ನು ಯಾರೋ ತೆರೆದ ಸದ್ದು ಮಾತ್ರ ಕಿವಿಯ ಪಕ್ಕದಲ್ಲೇ ಆದಂತೆ ಕೇಳಿಸಿತು. ಇಂಥ ಮಂಜಿನಲ್ಲಿ ದೇವರು ಕಣ್ಣಿಗೆ ರಜೆ ಕೊಟ್ಟು ಕಿವಿಯನ್ನು ಕೆಲಸಕ್ಕೆ ಕರೆಯುತ್ತಾನೆ. ಬಸ್ ಡ್ರೈವರನಿಗೂ ಅಂದು ರಜೆಯೇ. ಹೆಗಲಿಗೆ ಗಿಟಾರ್ ಏರಿಸಿ, ಕೈಯಲ್ಲೊಂದು ಚೀಲ ಹಿಡಿದು ಅಕ್ಕನ ಮನೆಯ ದಾರಿ ಹಿಡಿದ.

ಚೀಲದಲ್ಲಿದ್ದದ್ದು ಗಿಟಾರಿನ ಸದ್ದು ತಿದ್ದುವ ಎಫೆಕ್ಟ್ ಪೆಟ್ಟಿಗೆ, ಅದರ ಜೊತೆಗೆ ಕಾಲಲ್ಲಿ ಒತ್ತುವ ಎಕ್ಸ್‌ಪ್ರೆಷನ್ ಪೆಡಲ್. ಪೆಡಲ್ ನೋಡಲಿಕ್ಕೆ ಬಸ್ಸಿನ ಆಕ್ಸಿಲರೇಟರಿನ ತಮ್ಮನಂತಿದೆ. ಗಿಟಾರಿನ ಸದ್ದು ಅದರ ಮೂಲಕ ಹಾದು ಹೋಗುವುದಿಲ್ಲ. ಕಾಲು ಈಗ ಎಲ್ಲಿದೆ ಎಂಬುದನ್ನು ಎಫೆಕ್ಟ್ ಪೆಟ್ಟಿಗೆಗೆ ಹೇಳುವುದಷ್ಟೇ ಅದರ ಕೆಲಸ. ಕಾಲ್ಬೆರಳು ಒತ್ತಿದರೆ ಸದ್ದು ಏರಬೇಕು, ಹಿಮ್ಮಡಿ ಒತ್ತಿದರೆ ಇಳಿಯಬೇಕು.

ಹಿಂದಿನ ವಾರದ ಅಭ್ಯಾಸದಲ್ಲಿ ಸದ್ದು ಏರಲಿಲ್ಲ, ಹಾರಿತು. ನಾಲ್ಕು ತಿಂಗಳು ಕೆಮ್ಮಿನಲ್ಲಿ ನರಳಿ ಎದ್ದ ದೊಡ್ಡಮ್ಮ ಪ್ರಾರ್ಥನಾ ಮಂದಿರದಲ್ಲಿ ಮೊದಲ ಸಲ ಹಾಡಲು ನಿಂತಿದ್ದರು. ಧ್ವನಿ ನೂಲಿನಷ್ಟು ಸಣ್ಣಗಾಗಿತ್ತು. ಎರಡನೆಯ ಸಾಲಿಗೆ ಡ್ರೈವರನ ಗಿಟಾರಿನ ಸದ್ದು ಧಡಾರನೆ ಅದರ ಮೇಲೆ ಬಿದ್ದಿತು. ದೊಡ್ಡಮ್ಮ ಬಾಯಿ ಮುಚ್ಚಿ ಬೆಂಚಿನ ಮೇಲೆ ಕುಳಿತುಬಿಟ್ಟರು. "ನನ್ನ ಕಾಲ ಮುಗೀತು ಬಿಡ್ರಪ್ಪ" ಎಂದರು. ಎಲ್ಲರೂ ಬೇಡಿಕೊಂಡ ಮೇಲೆ, ಈ ವಾರ ಒಂದೇ ಒಂದು ಸಲ ಹಾಡಿ ನೋಡುವುದಾಗಿ ಒಪ್ಪಿದ್ದರು. ಇವತ್ತೂ ಹಾಗೇ ಆದರೆ ಅವರು ಮತ್ತೆಂದೂ ಹಾಡಲಿಕ್ಕಿಲ್ಲ. ಡ್ರೈವರನಿಗೆ ಅದು ಗೊತ್ತಿತ್ತು. ವಾರವಿಡೀ ಸ್ಟಿಯರಿಂಗ್ ಹಿಡಿದಾಗಲೆಲ್ಲ ಅದೇ ಯೋಚನೆ.

ಅಕ್ಕ ರೇಡಿಯೋ, ಮಿಕ್ಸಿ, ಸ್ಪೀಕರ್ ರಿಪೇರಿ ಮಾಡುವವಳು. ಮನೆಯ ಮುಂದಿನ ಕೋಣೆಯೇ ಅಂಗಡಿ. ನೆಲದ ತುಂಬ ತಂತಿಯ ತುಂಡುಗಳು, ಹಾಗಾಗಿ ಅಲ್ಲಿ ಯಾರೂ ಚಪ್ಪಲಿ ಬಿಡುವುದಿಲ್ಲ.

"ಬಾರಪ್ಪಾ, ದೊಡ್ಡಮ್ಮನ ಬಾಯಿ ಮುಚ್ಚಿಸಿದ ವೀರ" ಎಂದಳು, ತಲೆ ಎತ್ತದೆ.

"ಬೆಳಗ್ಗೆ ಬೆಳಗ್ಗೆ ಶುರು ಮಾಡ್ಬೇಡ ಅಕ್ಕಾ. ಒಂಬತ್ತಕ್ಕೆ ಪ್ರಾರ್ಥನೆ."

"ಮೂವತ್ತು ವರ್ಷದಿಂದ ನಮ್ಮಪ್ಪನ ಕೈಲೂ ಆಗದ ಕೆಲಸ ನೀನು ಒಂದು ಕಾಲಲ್ಲಿ ಮಾಡ್ದೆ. ಹೊಗಳಬಾರ್ದಾ?"

ಹೀಗೆ ಹೇಳುತ್ತಲೇ ಪೆಡಲನ್ನು ಬೋರಲು ಹಾಕಿ ತಳ ಬಿಚ್ಚಿದಳು. ಒಳಗೆ ಧೂಳಿರಲಿಲ್ಲ. ಕೇಬಲ್ ಬದಲಿಸಿ ನೋಡಿದಳು, ಅದೂ ಸರಿಯಿತ್ತು. ಪೆಟ್ಟಿಗೆಗೆ ಪೆಡಲಿನ ಎರಡು ತುದಿಗಳನ್ನು ಹೊಸದಾಗಿ ಕಲಿಸಿದಳು: ಹಿಮ್ಮಡಿ ಪೂರ್ತಿ ಒತ್ತು, ಇದು ಕೆಳಗಿನ ತುದಿ, ಬೆರಳು ಪೂರ್ತಿ ಒತ್ತು, ಇದು ಮೇಲಿನ ತುದಿ. ಬಳಿಕ ಅವನನ್ನು ಸ್ಟೂಲಿನ ಮೇಲೆ ಕೂರಿಸಿ ನುಡಿಸಲು ಹೇಳಿದಳು. ಸದ್ದು ಒಂದಿಷ್ಟೂ ಎಡವದೆ ಏರಿತು, ಇಳಿಯಿತು.

"ಚೆನ್ನಾಗೇ ಇದೆಯಲ್ಲೋ! ಇದಕ್ಕೇನು ರೋಗ?"

"ಮನೇಲೂ ಹಿಂಗೇ ಅಕ್ಕಾ. ಅಲ್ಲಿ ಹೋದ್ರೇನೇ ದೆವ್ವ ಹಿಡಿಯೋದು."

"ದೇವರ ಮನೆಗೆ ಹೋದ್ರೆ ದೆವ್ವ ಬಿಡುತ್ತೆ ಕಣೋ, ಹಿಡಿಯಲ್ಲ" ಎಂದಳು ಅಕ್ಕ. ಅವಳ ಕಣ್ಣು ನಿಧಾನವಾಗಿ ಪೆಡಲಿಗೆ ಇಳಿಯಿತು. ಪೆಡಲಿನ ಮೇಲೆ ಡ್ಯೂಟಿಯ ಕಪ್ಪು ಬೂಟು ಕುಳಿತಿತ್ತು; ಮೂರು ಬೆರಳು ದಪ್ಪದ ಅಟ್ಟೆ.

"ಇವತ್ತು ರಜಾ ಅಲ್ವಾ? ಬೂಟ್ಯಾಕೆ?"

"ಪೆಡಲ್ ಸೆಟ್ ಮಾಡ್ಬೇಕಲ್ಲ."

ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಬರಿಗಾಲಲ್ಲಿ ಪೆಡಲ್ ಮುಟ್ಟಕೂಡದು ಎಂಬುದು ಡಿಪೋದಲ್ಲಿ ಅವನು ಕಲಿತ ಮೊದಲ ಪಾಠ. ಇಪ್ಪತ್ತು ವರ್ಷದಲ್ಲಿ ಆ ಪಾಠ ಅವನ ಮೂಳೆಗೆ ಇಳಿದಿತ್ತು. ಮನೆಯಲ್ಲೂ ಬೂಟು ಹಾಕಿಕೊಂಡೇ ಪೆಡಲ್ ತಿದ್ದಿದ್ದ. ಆ ಭಾರಕ್ಕೆ ಅದು ಜಾರದಿರಲೆಂದು ಪಕ್ಕದ ಬಿಗಿಯ ಸ್ಕ್ರೂವನ್ನು ಆಗುವಷ್ಟೂ ತಿರುಗಿಸಿದ್ದ. ಪ್ರಾರ್ಥನಾ ಮಂದಿರದಲ್ಲೋ ಎಲ್ಲರೂ ಬಾಗಿಲಲ್ಲೇ ಪಾದರಕ್ಷೆ ಬಿಟ್ಟು ಒಳಗೆ ಹೋಗಬೇಕು.

"ಬಿಚ್ಚು" ಎಂದಳು ಅಕ್ಕ. ನೆಲದ ಮೇಲೊಂದು ಚೀಲ ಹಾಸಿದಳು.

ಬರಿಗಾಲಲ್ಲಿ ಒತ್ತಿದ. ಪೆಡಲ್ ಅಲುಗಲಿಲ್ಲ. ಇನ್ನಷ್ಟು ಒತ್ತಿದ. ಅಲುಗಲಿಲ್ಲ. ಮತ್ತಷ್ಟು ಒತ್ತಿದಾಗ ಮುನಿಸು ಮುರಿದವರಂತೆ ಒಮ್ಮೆಲೇ ತಳಕ್ಕೆ ಹೋಯಿತು, ಕಪಾಟಿನ ಗಾಜು ಝಲ್ಲೆಂದಿತು.

"ಸಿಕ್ತಲ್ಲ ದೆವ್ವ."

ಅವನು ನಗಲಿಲ್ಲ. "ತಪ್ಪು ನಂದೇ ಅಕ್ಕಾ. ದೊಡ್ಡಮ್ಮ ತಮ್ಮ ಗಂಟಲಿಂದು ಅಂದ್ಕೊಂಡ್ರು" ಎಂದ.

ಅಕ್ಕ ಆಮೇಲೆ ಹಾಸ್ಯ ಮಾಡಲಿಲ್ಲ. ಸ್ಕ್ರೂವನ್ನು ಕಾಲು ಸುತ್ತು ಸಡಿಲಿಸಿದಳು. ಇನ್ನೊಂದು ಕಾಲು ಸುತ್ತು. ಕಾಲೆತ್ತಿದರೆ ಪೆಡಲ್ ತನ್ನಷ್ಟಕ್ಕೆ ಬಾಗುವಷ್ಟು ಸಡಿಲವಾದಾಗ ಒಂದು ಕೂದಲಿನಷ್ಟು ಮತ್ತೆ ಬಿಗಿದಳು. ಈಗ ಪಾದ ಎಲ್ಲಿ ನಿಲ್ಲಿಸಿದರೆ ಅಲ್ಲಿ ನಿಂತಿತು. ಅನಂತರ ಪೆಟ್ಟಿಗೆಯಲ್ಲಿ ಸದ್ದಿನ ಏರನ್ನು ಬದಲಿಸಿದಳು, ಮೊದಲರ್ಧದಲ್ಲಿ ಮೆಲ್ಲಗೆ, ಆಮೇಲೆ ಸ್ವಲ್ಪ ಬೇಗ. ಹಿಮ್ಮಡಿ ಪೂರ್ತಿ ಒತ್ತಿದರೂ ಗಿಟಾರ್ ಸಾಯದಂತೆ ಕೆಳಗೊಂದಿಷ್ಟು ಸದ್ದು ಉಳಿಸಿದಳು.

"ಮೇಲಕ್ಕೆ ಎಷ್ಟು ಬಿಡೋಣ?"

"ನೂರಕ್ಕೆ ಎಂಬತ್ತು?"

"ಅಂಕಿ ನೋಡಿ ಹೇಳ್ಬೇಡ. ನಿಲ್ಲು."

ಅಕ್ಕನದು ತನ್ನದೇ ಒಂದು ಕ್ರಮ. ಕೈಗೆ ಸಿಕ್ಕಿದ ಬಟ್ಟೆ ಒಗೆಯುವ ಯಂತ್ರದ ಪುಸ್ತಕ ತೆಗೆದುಕೊಂಡಳು. ಕೋಣೆಯ ಆ ಮೂಲೆಗೆ ಹೋಗಿ, ಗೋಡೆಗೆ ಮುಖ ಮಾಡಿ ಕುಳಿತು, ದೊಡ್ಡಮ್ಮನ ಈಗಿನ ಧ್ವನಿಯಷ್ಟೇ ಸಣ್ಣಗೆ ಓದತೊಡಗಿದಳು. "ಯಂತ್ರವನ್ನು ಸಮತಟ್ಟಾದ ನೆಲದ ಮೇಲೆ ಇರಿಸತಕ್ಕದ್ದು. ಉಣ್ಣೆಯ ಬಟ್ಟೆಗಳನ್ನು ಪ್ರತ್ಯೇಕವಾಗಿ..." ಡ್ರೈವರ್ ಹಾಡಿನ ಸ್ವರಗುಚ್ಛಗಳಾದ ಕಾರ್ಡುಗಳನ್ನು ನುಡಿಸುತ್ತ ಕಾಲ್ಬೆರಳನ್ನು ಒತ್ತುತ್ತ ಹೋದ. ಓದಿದ ಮಾತು ತನಗೇ ಕೇಳಿಸದಾದಾಗ ಅಕ್ಕ ಕೈ ಎತ್ತಿದಳು. ಪೆಟ್ಟಿಗೆಯಲ್ಲಿ ಮೇಲಿನ ಮಿತಿಯನ್ನು ಅಷ್ಟಕ್ಕೆ ಇಳಿಸಿದಳು. ಹೀಗೆ ಏಳೆಂಟು ಸಲ. ಉಣ್ಣೆಯ ಬಟ್ಟೆ, ನೀರಿನ ಕೊಳವೆ, ಒಂದು ವರ್ಷದ ಗ್ಯಾರಂಟಿ, ಎಲ್ಲವೂ ಅಂದು ಭಜನೆಯಂತೆ ಗಿಟಾರಿನ ಜೊತೆ ಸಾಗಿದವು. ಕೊನೆಗೆ ಕಾಲ್ಬೆರಳು ತಳ ಮುಟ್ಟಿದರೂ ಅಕ್ಕನ ಕೈ ಮೇಲೇಳಲಿಲ್ಲ.

"ಎದ್ದೇಳು. ಎಂಟೂಮುಕ್ಕಾಲು" ಎಂದಳು.

ಮಂದಿರದ ನೆಲ ಅಂಗಾಲಿಗೆ ತಣ್ಣಗಿತ್ತು. ಕಿಟಕಿಗಳಲ್ಲಿ ಮಂಜು ಇನ್ನೂ ಬೆಳ್ಳಗೆ ನಿಂತಿತ್ತು. ದೊಡ್ಡಮ್ಮ ಗೋಡೆ ಹಿಡಿದುಕೊಂಡು ಬಂದವರು ಅವನ ಮುಂದೆ ನಿಂತರು.

"ಏನೋ ಮಗನೇ, ಇವತ್ತೂ ಬಸ್ಸು ತಂದಿದೀಯಾ?"

"ತಂದಿದೀನಿ ದೊಡ್ಡಮ್ಮ. ಬ್ರೇಕ್ ಹಾಕಿಸ್ಕೊಂಡು."

"ನೋಡೋಣ" ಎಂದರು. ಮುಖದಲ್ಲಿ ನಗುವಿರಲಿಲ್ಲ.

ಹಾಡು ಶುರುವಾಯಿತು. ಮೊದಲ ಚರಣದಲ್ಲಿ ದೊಡ್ಡಮ್ಮ ಅಂಜುತ್ತಲೇ ಹಾಡಿದರು. ಎರಡನೆಯ ಸಾಲಿಗೆ ಹೆಗಲು ಬಿಗಿಹಿಡಿದರು. ಏನೂ ಬೀಳಲಿಲ್ಲ. ಗಿಟಾರ್ ಅವರ ಮಾತಿನ ಕೆಳಗೆ ನೀರಿನಂತೆ ಹರಿಯುತ್ತಿತ್ತು. ಎರಡನೆಯ ಚರಣಕ್ಕೆ ಹೆಗಲು ಇಳಿಯಿತು, ಕಣ್ಣು ತಾನಾಗಿ ಮುಚ್ಚಿತು. ಆ ಸಣ್ಣ ಧ್ವನಿ ಹಿಂದಿನ ಬೆಂಚಿನವರೆಗೂ ಹೋಗಿ ಕುಳಿತಿತು.

ಮೂರನೆಯ ಚರಣದ ಕೊನೆಯ ಸಾಲಿಗೆ ಮೊದಲು ಅವರ ಉಸಿರು ಮುಗಿಯಿತು. ಕೆಮ್ಮು ಗಂಟಲಿಗೆ ಬಂದದ್ದು ಹತ್ತಿರವಿದ್ದ ಡ್ರೈವರನಿಗೆ ಮಾತ್ರ ಕಂಡಿತು. ಅವನು ಮೊದಲ ಸಲ ಇಲ್ಲಿ ನುಡಿಸಲು ಕುಳಿತ ದಿನ ಹಾಡಿನ ನಡುವೆ ಕಾರ್ಡು ಮರೆತು ಕೈ ಕಲ್ಲಾಗಿತ್ತು. ಆಗ ದೊಡ್ಡಮ್ಮ ಅವನತ್ತ ತಿರುಗಿಯೂ ನೋಡದೆ, ಅದೇ ಸಾಲನ್ನು ಎರಡು ಸಲ, ಮೂರು ಸಲ ಹಾಡುತ್ತ, ಅವನ ಬೆರಳಿಗೆ ದಾರಿ ಸಿಗುವ ತನಕ ಕಾದಿದ್ದರು. ಹಾಡೇ ಹಾಗಿದೆ ಎಂದು ಜನ ತಿಳಿದಿದ್ದರು. ಆ ಮಾತನ್ನು ಅವರು ಇಷ್ಟು ವರ್ಷ ಯಾರ ಬಳಿಯೂ ಎತ್ತಿರಲಿಲ್ಲ.

ಡ್ರೈವರ್ ಅವರತ್ತ ನೋಡಲಿಲ್ಲ. ಬರಿಗಾಲಿನ ಬೆರಳನ್ನು ಮೆತ್ತಗೆ ಒತ್ತಿದ. ಗಿಟಾರ್ ತುಸು ತುಸುವೇ ಏರಿ ಆ ಖಾಲಿ ಜಾಗವನ್ನು ತುಂಬಿತು. ಅದೇ ಎರಡು ಕಾರ್ಡುಗಳನ್ನು ಒಂದು ಸಲ ನುಡಿಸಿದ, ಎರಡು ಸಲ, ಮೂರು ಸಲ. ಅವಸರವಿಲ್ಲ. ದೊಡ್ಡಮ್ಮ ಕೆಮ್ಮು ನುಂಗಿದರು, ಉಸಿರು ಎಳೆದುಕೊಂಡರು. ಅವರ ತುಟಿ ತೆರೆಯುತ್ತಿದ್ದಂತೆ ಅವನು ಹಿಮ್ಮಡಿ ಇಳಿಸಿ ಹಾಡನ್ನು ಅವರಿಗೆ ಬಿಟ್ಟುಕೊಟ್ಟ.