ಫ್ರಿಜ್ ಇಲ್ಲ ಅನ್ನೋಕೆ ನಾಚಿಕೆ ಯಾಕೆ?

ಅತ್ತೆ ಹೊಸಿಲ ಮೇಲೆ ಕೂತು ತೀರ್ಪು ಕೊಟ್ಟೇಬಿಟ್ಟರು: "ಮಗು ಆಗೋ ಟ್ರೀಟ್‌ಮೆಂಟೆಲ್ಲ ಕಾರಲ್ಲಿ ಓಡಾಡೋರಿಗೆ ಕಣಮ್ಮ. ನಮ್ಮಂಥೋರಿಗೆ ಹತ್ತಲ್ಲ. ಒಂದ್ಸಲ ನೋಡಿದ್ದಾಯ್ತಲ್ಲ, ಸಾಕು!"

ಸೊಸೆ ಹೊಲಿಗೆ ಮಷಿನ್ ತುಳೀತಾನೇ ಇದ್ದಳು. ಹೊಲೀತಿದ್ದದ್ದು ಬೇರೆ ಯಾರದೋ ಮಗುವಿನ ಅಂಗಿ. ಇನ್ನೊಂದ್ಸಲ ನೋಡೋಣ ಅಂತ ಆಸೆ, ಬಾಯಿಬಿಟ್ಟು ಕೇಳೋಕೆ ಭಯ.

ಹೊಲಿಯೋಕೆ ಕೊಟ್ಟ ಬಟ್ಟೆ ತಗೊಳ್ಳೋಕೆ ಬಂದ ನರ್ಸಕ್ಕ ಎಲ್ಲಾ ಕೇಳಿಸಿಕೊಂಡರು. "ಇಂಜೆಕ್ಷನ್ ಮನೇಲೇ ತಗೊಂಡೆಯಾ? ಎಲ್ಲಿಟ್ಟಿದ್ದೆ?"

"ಒದ್ದೆ ಬಟ್ಟೆ ಸುತ್ತಿ, ನೀರಿನ ಕೊಡದ ಹಿಂದೆ. ತಂಪಾಗೇ ಇತ್ತಕ್ಕ."

"ಅಯ್ಯೋ ಹುಚ್ಚಿ! ಅದು ಫ್ರಿಜ್ಜಲ್ಲಿರಬೇಕು. ಡಾಕ್ಟರು ಹೇಳಲಿಲ್ವಾ?"

"ಮನೇಲಿ ಫ್ರಿಜ್ ಇದೆ ತಾನೇ ಅಂದ್ರು. ಕೂತಿದ್ದೋರೆಲ್ಲ ಹೂಂ ಅಂದ್ರು. ನಾನೂ ಹೂಂ ಅಂದೆ."

ನರ್ಸಕ್ಕ ಅತ್ತೆ ಕಡೆ ತಿರುಗಿದರು. "ಅಮ್ಮಾ, ಮದ್ದಿಗೆ ಬಡವರು, ಸಾಹುಕಾರರು ಅಂತ ಗೊತ್ತಾಗಲ್ಲ. ಆದ್ರೆ ಮದ್ದಿಟ್ಟ ಜಾಗ, ರಜೆ ಸಿಗದೆ ತಪ್ಪಿಸಿದ ತಪಾಸಣೆ, ಆಮೇಲೆ ನೋಡೋಣ ಅಂತ ಮುಂದೂಡಿದ ವರ್ಷ, ಇದೆಲ್ಲ ತೊಂದರೆ ಕೊಡುತ್ತೆ. ಅದರಿಂದಲೇ ಆಗಲಿಲ್ಲ ಅಂತ ಹೇಳೋಕಾಗಲ್ಲ. ಈ ಸಲ ಆಗೇ ಆಗುತ್ತೆ ಅಂತಲೂ ಯಾರೂ ಬರೆದುಕೊಡಲ್ಲ. ಆದ್ರೆ ಹಣೆಬರಹದ ಮೇಲೆ ಗೂಬೆ ಕೂರಿಸಬೇಡಿ. ಮಗನ ಪರೀಕ್ಷೆ ಎಲ್ಲ ಮುಗೀತಾ?"

"ಅವನಿಗ್ಯಾಕೆ? ಗುಂಡುಕಲ್ಲಿನ ಹಾಗಿದಾನೆ!"

"ಗುಂಡುಕಲ್ಲಿಗೂ ಪರೀಕ್ಷೆ ಬೇಕಮ್ಮ."

ಅತ್ತೆಗೇ ನಗು ತಡೆಯೋಕಾಗಲಿಲ್ಲ. "ಸರಿ, ಫ್ರಿಜ್ಜಿಗೆ ಎಲ್ಲಿಗೆ ಹೋಗೋಣ?"

"ನಿಮ್ಮದೇ ಆಗಬೇಕಾ? ಇಲ್ಲ ಅಂತ ಆಸ್ಪತ್ರೇಲಿ ಹೇಳಿದ್ರೆ ಅವರೇ ದಾರಿ ತೋರಿಸ್ತಾರೆ. ಮೂಲೆ ಹಾಲಿನಂಗಡೀದಾದ್ರೂ ಆಗುತ್ತೆ, ಡಬ್ಬೀಲಿ ಮುಚ್ಚಿಡಿ. ಐಸ್ ಕಟ್ಟೋ ಕಡೆ ಮಾತ್ರ ಬೇಡ."

ಅತ್ತೆ ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು. ಸ್ವಲ್ಪ ಹೊತ್ತಿಗೆ ಅವರ ಗಂಟಲು ಬೀದಿಗೆಲ್ಲ ಕೇಳಿಸ್ತು: "ಏನಪ್ಪಾ, ನಿನ್ನ ಬೆಣ್ಣೆ ಸ್ವಲ್ಪ ಆ ಕಡೆ ಸರಿಸು. ನನ್ನ ಮೊಮ್ಮಗೂಗೆ ಜಾಗ ಬೇಕು!"

ಸೊಸೆ ಮುಖ ಮುಚ್ಚಿಕೊಂಡು ನಕ್ಕಳು. ನಗ್ತಾ ನಗ್ತಾ ಅತ್ತಳು.

ಅಕ್ಕಂದಿರೇ, ಅಣ್ಣಂದಿರೇ, ಮಗು ಆಗೋಕೆ ತಡವಾಗ್ತಿದ್ರೆ ಗಂಡ ಹೆಂಡತಿ ಇಬ್ಬರೂ ಬೇಗ ಹೋಗಿ ತೋರಿಸಿಕೊಳ್ಳಿ. ರಜೆ ಸಿಗಲ್ವಾ? ಆಸ್ಪತ್ರೆ ದೂರವಾ? ಮದ್ದಿಡೋಕೆ ಜಾಗ ಇಲ್ವಾ? ಡಾಕ್ಟರಿಗೆ ಇದ್ದದ್ದು ಇದ್ದ ಹಾಗೆ ಹೇಳಿ. ಇನ್ನು ಮನೇಲಿ ಫ್ರಿಜ್ ಇರೋರೇ, ಪಕ್ಕದ ಮನೆಯವಳು ಬಂದು ಕೇಳಿದ್ರೆ ಒಂದು ಡಬ್ಬಿಗೆ ಜಾಗ ಮಾಡಿಕೊಡಿ. ಯಾಕೆ ಏನು ಅಂತ ಕೆದಕಬೇಡಿ.