ತುಟಿಮಾತು

ಮಿಲ್ಲು ಮುಚ್ಚಿ ಒಂಬತ್ತು ವರ್ಷವಾಯಿತು. ನಮ್ಮ ಲೈನುಮನೆಗಳ ನಲ್ಲಿಯಲ್ಲಿ ಈಗ ಎರಡು ದಿನಕ್ಕೊಮ್ಮೆ ನೀರು. ಮಾಡಿನ ತಗಡು ತೂತಾಗಿದೆ. ಅಕ್ಕ ಅದಕ್ಕೆ ಹಳೇ ಗೋಣಿ ತುರುಕಿದ್ದಾಳೆ.

ಒಂದು ಕಾಲಕ್ಕೆ ಏನು ಊರು ಸ್ವಾಮಿ ಇದು! ಮೂರು ಪಾಳಿ. ಪಾಳಿ ಬಿಟ್ಟಾಗ ರಸ್ತೆ ದಾಟಲು ಆಗುತ್ತಿರಲಿಲ್ಲ, ಅಷ್ಟು ಸೈಕಲ್ಲು. ನಮ್ಮ ಬೀದಿಯೊಂದರಲ್ಲೇ ಮೂರು ದರ್ಜಿ ಅಂಗಡಿ, ಮೂರರಲ್ಲೂ ನಿಲ್ಲಲು ಜಾಗವಿಲ್ಲ. ಈಗ ಅದೇ ರಸ್ತೆಯ ನಡುವೆ ನಾಯಿ ಮಲಗಿರುತ್ತದೆ, ಎಬ್ಬಿಸುವವರಿಲ್ಲ.

ಆ ಹಳೇ ವೈಭವವನ್ನೇ ಮಿಲ್ಲು ಮಾಲೀಕರ ಮಗ ಚಿಕ್ಕ ಧಣಿ ಮಾರಲು ಹೊರಟರು. ನಾನೂರು ಮಗ್ಗ ಗುಜರಿಗೆ ಹೋಯಿತು. ಹನ್ನೆರಡನ್ನು ಉಳಿಸಿ, ಬಣ್ಣ ಬಳಿದು, ಮ್ಯೂಸಿಯಂ ಮಾಡಿದರು. ಬರುವವರಿಗೆ ಮಗ್ಗ ಓಡಿಸಿ ತೋರಿಸಲು ನನ್ನನ್ನು ಕರೆದರು. ಒಂಬತ್ತು ವರ್ಷದ ಮೇಲೆ ಆ ಸದ್ದು ಕೇಳಿದಾಗ ಹೆಂಗಸರಂತೆ ಅತ್ತುಬಿಟ್ಟೆ. ಸದ್ದಿಗೋಸ್ಕರವೇ ಕೆಲಸಕ್ಕೆ ಒಪ್ಪಿಕೊಂಡೆ ಎಂದು ಅಕ್ಕನಿಗೆ ಹೇಳಿದೆ. ಅದು ಅರ್ಧ ನಿಜ.

ಮ್ಯೂಸಿಯಂ ಎದುರು ಹೋಟೆಲ್ಲು ಕಟ್ಟಲು ಜಾಗ ಬೇಕಿತ್ತು. ಆ ಜಾಗದಲ್ಲಿ ನಮ್ಮ ನಲವತ್ತು ಮನೆಗಳಿದ್ದವು.

"ನಿಂಗೆ ಶೆಡ್ಡಿನ ಹಿಂದೆ ಒಂದು ರೂಮು ಕೊಡ್ತೀನಿ ಕಣೋ," ಎಂದರು ಚಿಕ್ಕ ಧಣಿ. "ಕೆಲಸಾನೂ ಗಟ್ಟಿ. ಆಫೀಸರು ಬರೋ ದಿನ ಏನೇ ಆದ್ರೂ ಮಗ್ಗ ನಿಲ್ಲಿಸ್ಬೇಡ. ಅಷ್ಟೇ."

ಸರ್ಕಾರದ ಅಧಿಕಾರಿ ಬರುತ್ತಿದ್ದುದು ಮನೆ ಖಾಲಿ ಮಾಡಿಸುವುದಕ್ಕೆ ಮನೆಯವರ ತಕರಾರು ಕೇಳಲು. ವಿಚಾರಣೆಯನ್ನು ಬೇಕೆಂದೇ ಮಗ್ಗದ ಶೆಡ್ಡಿನಲ್ಲಿ ಇಟ್ಟಿದ್ದರು. ನನಗೆ ಅರ್ಥವಾಗಲಿಲ್ಲ ಎಂದರೆ ಸುಳ್ಳು. ಅರ್ಥವಾಯಿತು. ತಲೆಯಾಡಿಸಿದೆ.

"ನೀನೂ ನಮ್ ಜೊತೆ ನಿಂತ್ಕೋತೀಯ ತಾನೆ?" ಅಕ್ಕ ಕೇಳಿದಳು.

"ನಂಗೆ ಡ್ಯೂಟಿ ಇದೆ ಅಕ್ಕ."

"ಇರ್ಲಿ ಬಿಡು. ನೀನು ಅಲ್ಲಿದ್ರೆ ನಮ್ಗೂ ಧೈರ್ಯ."

ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಅವಳು. ಮಿಲ್ಲಿಗೆ ಸೇರಿಸಿದವಳೂ ಅವಳೇ. ಮೊದಲ ದಿನವೇ ತುಟಿಮಾತು ಕಲಿಸಿದಳು. ಹೊರಗಿನವರಿಗೆ ಇದು ಗೊತ್ತಿರಲಿಕ್ಕಿಲ್ಲ. ಮಗ್ಗಗಳ ಸದ್ದಿನಲ್ಲಿ ಗಂಟಲು ಹರಿದುಕೊಂಡರೂ ಪಕ್ಕದವನಿಗೆ ಕೇಳದು. ಅದಕ್ಕೇ ನಾವು ದನಿಯಿಲ್ಲದೆ ತುಟಿ ಆಡಿಸುತ್ತಿದ್ದೆವು. ಶೆಡ್ಡಿನ ಈ ತುದಿಯಿಂದ ಆ ತುದಿಗೆ ಜಗಳ, ಚಾಡಿ, ಮದುವೆ ಮಾತುಕತೆ ಎಲ್ಲ ತುಟಿಯಲ್ಲೇ. ಮ್ಯಾನೇಜರನ ಎದುರಿಗೇ ಅವನ ವಂಶ ಜಾಲಾಡಿದರೂ ಅವನು ಹಲ್ಲುಕಿರಿದು ಹೋಗುತ್ತಿದ್ದ.

ಅಧಿಕಾರಿ ಬಂದರು. ಹನ್ನೆರಡು ಮಗ್ಗವೂ ಓಡುತ್ತಿದ್ದವು. ಚಿಕ್ಕ ಧಣಿ ಕಣ್ಣೊರೆಸಿಕೊಂಡು, "ನಮ್ಮೂರಿನ ಉಸಿರು ಸಾರ್ ಇದು!" ಎಂದು ಅವರ ಕಿವಿಯಲ್ಲಿ ಕೂಗಿದರು. ಅಧಿಕಾರಿ ಮೈಕು ಹಿಡಿದು ಅರಚಿದರು, "ಮನೆ ಖಾಲಿ ಮಾಡೋಕೆ ಯಾರದ್ದಾದ್ರೂ ತಕರಾರಿದ್ರೆ ಹೇಳಿ!"

ನಲವತ್ತು ಮನೆಯವರೂ ಹೇಳಿದರು, ತುಟಿಯಲ್ಲಿ. ಆ ಸದ್ದಿನೊಳಗೆ ದನಿ ಎತ್ತುವ ರೂಢಿಯೇ ಅವರಿಗಿರಲಿಲ್ಲ. 'ಬಿಡಲ್ಲ' ಎಂದರು. 'ಮಕ್ಳನ್ನ ಕಟ್ಕೊಂಡು ಎಲ್ಲಿಗ್ ಹೋಗೋದು?' ಎಂದರು. 'ನಮ್ ಸಂಬಳ ಹಿಡ್ಕೊಂಡು ಕಟ್ಟಿಸಿದ ಮನೆ ಸಾರ್ ಇವು' ಎಂದಳು ಅಕ್ಕ. ನಾನು ಒಂದೊಂದು ಮಾತನ್ನೂ ಓದಿದೆ.

ಅಧಿಕಾರಿ ಪಿಳಿಪಿಳಿ ನೋಡಿ ನನ್ನತ್ತ ಬಾಗಿದರು. "ಏನಯ್ಯಾ, ಬರೀ ಬಾಯಿ ಆಡಿಸ್ತಾರೆ. ಏನಂತೆ ಅವ್ರದ್ದು?"

ಚಿಕ್ಕ ಧಣಿ ನನ್ನ ಭುಜದ ಮೇಲೆ ಕೈಯಿಟ್ಟರು. ನಾನು ಅಧಿಕಾರಿಯ ಕಿವಿಯ ಬಳಿ ಬಾಯಿ ತಂದೆ.

"ಒಪ್ಪಿಗೆ ಅಂತೆ ಸಾರ್. ಯಾರದ್ದೂ ತಕರಾರಿಲ್ಲ."

ಕಿವಿಯಲ್ಲಿ ಹೇಳಿದ್ದು ಯಾರಿಗೂ ತಿಳಿಯದು ಎಂದುಕೊಂಡೆ. ಎಂಥ ದಡ್ಡ ನಾನು! ತಲೆಯೆತ್ತಿದರೆ ಎದುರಿಗಿದ್ದವರ ತುಟಿಗಳೆಲ್ಲ ನಿಂತುಹೋಗಿದ್ದವು. ಎಲ್ಲರ ಕಣ್ಣೂ ನನ್ನ ಬಾಯಿಯ ಮೇಲಿತ್ತು. ಎಲ್ಲರೂ ಓದಿದ್ದರು. ಅಕ್ಕ ಓದಿದ್ದಳು. ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

ಅಕ್ಕ ಬೈಯಲಿಲ್ಲ. ಗೋಡೆಯ ಕಡೆ ನಡೆದು ಮೇನ್ ಸ್ವಿಚ್ಚು ಎಳೆದಳು. ಮಗ್ಗಗಳು ನಿಂತವು.

"ಸಾರ್, ನನ್ ತಮ್ಮ ನಿಮ್ಗೆ ಸುಳ್ಳು ಹೇಳ್ದ," ಎಂದಳು. "ನಾವು ಮನೆ ಬಿಡಲ್ಲ. ಬರ್ಕೊಳ್ಳಿ."

"ಬರ್ಕೊಳ್ಳಿ!" ಹಿಂದಿನಿಂದ ಯಾರೋ ಕೂಗಿದರು. ಆಮೇಲೆ ಇನ್ನೊಬ್ಬರು. ಆಮೇಲೆ ಎಲ್ಲರೂ. ಇಷ್ಟು ವರ್ಷ ಜೊತೆಗೆ ದುಡಿದರೂ ಆ ಶೆಡ್ಡಿನೊಳಗೆ ಅವರೆಲ್ಲರ ದನಿ ನಾನು ಕೇಳಿದ್ದು ಅದೇ ಮೊದಲು. ಅಧಿಕಾರಿ ಪೆನ್ನು ಹುಡುಕತೊಡಗಿದರು.

"ಸ್ವಿಚ್ ಹಾಕೋ!" ಚಿಕ್ಕ ಧಣಿ ಹಲ್ಲು ಕಡಿದರು. "ಹೋಗೋ, ಹಾಕು!"

ನಾನು ಹೋಗಲಿಲ್ಲ. ಅದನ್ನು ಧೈರ್ಯ ಎನ್ನಬೇಡಿ. ಸ್ವಿಚ್ಚಿಗೆ ಬೆನ್ನು ಕೊಟ್ಟು ಅಕ್ಕ ನಿಂತಿದ್ದಳು. ಅವಳ ಎದುರು ಹೋಗಿ ನಿಲ್ಲುವ ಮುಖ ನನಗಿರಲಿಲ್ಲ.